ಹಕ್ಕಲಕೆರೆಯ ಹತ್ತೊಂಬತ್ತು ಗುರಾಣಿ

ಹಿಂದೆ, ಬೆಟ್ಟಗಳಿಗೆ ಹೆಸರಿಟ್ಟವರು ಇನ್ನೂ ಬದುಕಿದ್ದ ಕಾಲದಲ್ಲಿ, ಮುಡಿಗಲ್ಲು ಅಂತ ಒಂದು ರಾಜ್ಯ ಇತ್ತಂತೆ. ನಾನು ಕಂಡದ್ದಲ್ಲ. ಉಪ್ಪಿನ ಹೇರು ಹೊಡೆದುಕೊಂಡು ಘಟ್ಟ ಹತ್ತುವವರು ಹೇಳಿದ್ದು. ಕೊಂಡ ಹಾಗೇ ಕೊಡುತ್ತಿದ್ದೇನೆ, ನೀರು ಬೆರೆಸಿಲ್ಲ.

ಆ ರಾಜ್ಯಕ್ಕೆ ಇಪ್ಪತ್ತನಾಲ್ಕು ಸೀಮೆ. ಸೀಮೆಗೊಬ್ಬ ಹಿರಿಯ. ಹಿರಿಯನಿಗೊಂದು ಹಲಸಿನ ಮಣೆ. ಅರಮನೆಯ ಚಾವಡಿಯಲ್ಲಿ ಇಪ್ಪತ್ತನಾಲ್ಕು ಮಣೆ ಹಾಕಿ ಅವರು ಕೂತರೆ ಅದು ಮಣೆಸಭೆ. ರಾಜ್ಯ ಕಟ್ಟಿದ ಮೊದಲ ಅರಸ ಒಂದು ಕಟ್ಟಳೆ ಮಾಡಿದ್ದನಂತೆ. ತೋಪು ಹಾರಿಸುವ ಮೊದಲು ಯಾರಾದರೊಬ್ಬ ವೀಳ್ಯ ಎತ್ತಬೇಕು. ಸಭೆಯ ಎದುರಾದರೂ ಸರಿ, ದೂರದ ಕೋಟೆಯಾದರೆ ಅಲ್ಲಿನ ಬಾಗಿಲ ದೇವರ ಎದುರಾದರೂ ಸರಿ. ಎತ್ತಿದವನ ತಲೆಯ ಮೇಲೆ ಆ ಕೆಲಸ. ಗೆದ್ದರೆ ಅವನದು, ಕೆಟ್ಟರೂ ಅವನದು. ಆಮೇಲೆ ಸಭೆ ಮೂರು ಮಾತು ಕೇಳಬಹುದು. ವೀಳ್ಯ ಎತ್ತಿದವರು ಯಾರು? ಹೊಡೆದದ್ದು ಯಾರಿಗೆ? ಬಿದ್ದವರು ಯಾರು? ಹಿರಿಯರಲ್ಲಿ ಒಬ್ಬನೇ ಒಬ್ಬ ತಾನು ಕೂತ ಮಣೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೂ ಸಾಕು, ಈ ಮೂರಕ್ಕೆ ಉತ್ತರ ಬರುವ ತನಕ ಅರಸನೂ ಕೂರುವ ಹಾಗಿಲ್ಲ.

ಕಟ್ಟಳೆ ಚೆನ್ನಾಗಿತ್ತು. ಆದರೆ ನಾಲ್ಕು ತಲೆಮಾರಿನಿಂದ ಯಾರೂ ಮಣೆ ನಿಲ್ಲಿಸಿರಲಿಲ್ಲ. ಅರಸ ಹೇಳಿದ್ದಕ್ಕೆ ಹೌದು ಅಂದರೆ ಬಾಳೆಲೆ ತುಂಬ ಊಟ, ಹೊರಡುವಾಗ ಒಂದು ಶಾಲು. ಸೇದುವವರಿಲ್ಲದ ಬಾವಿ ಇರುತ್ತದಲ್ಲ, ಕಟ್ಟಳೆ ಹಾಗಿತ್ತು. ಇತ್ತು, ಅಷ್ಟೆ.

ಆ ರಾಜ್ಯದ ಗಡಿಯಲ್ಲಿ ಹಕ್ಕಲಕೆರೆ ಅಂತ ಊರು. ಊರಿಗೊಂದು ಕೆರೆ, ಕೆರೆಯ ಮೇಲೊಂದು ಬೆಟ್ಟ, ಬೆಟ್ಟದ ಮೇಲೊಂದು ಕೋಟೆ, ಕೋಟೆಯ ಬುರುಜಿನಲ್ಲೊಂದು ತೋಪು. ಆ ಊರಲ್ಲಿ ಚೌಡಜ್ಜಿ ಅಂತ ಮುದುಕಿ. ಅವಳಿಗೆ ಒಬ್ಬಳೇ ಮಗಳು, ತುಂಗಿ. ತುಂಗಿಗೆ ಮೂರು ತಿಂಗಳ ಹೆಣ್ಣು ಕೂಸು. ಕೂಸು ಹೊಟ್ಟೆಯಲ್ಲಿದ್ದಾಗಲೇ ಗಂಡ ಜ್ವರ ಬಂದು ಹೋಗಿದ್ದ.

ಆ ಊರಲ್ಲಿ ವರ್ಷಕ್ಕೊಂದು ದಿನ ಕೆರೆಬೇಟೆ. ಬೇಸಿಗೆ ಕೊನೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಸುತ್ತಿನ ಏಳು ಹಳ್ಳಿಯವರು ಬಂದು ಏರಿಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಕೈಯಲ್ಲಿ ಕೂಣಿ. ಕೂಣಿ ಅಂದರೆ ಬಿದಿರಿನ ಬುಟ್ಟಿ. ಕೆಳಗೆ ಅಗಲದ ಬಾಯಿ, ಮೇಲೆ ತೋಳು ಹೋಗುವಷ್ಟು ಬಾಯಿ. ಮೀನಿನ ಮೇಲೆ ಕವುಚಿ ಹಾಕುವುದು, ಮೇಲಿನ ಬಾಯಿಂದ ಕೈ ಬಿಟ್ಟು ಹಿಡಿಯುವುದು. ಡೊಳ್ಳು ಬಡಿಯುವ ತನಕ ಒಬ್ಬರೂ ನೀರು ಮುಟ್ಟುವ ಹಾಗಿಲ್ಲ. ಬಡಿದ ಕೂಡಲೇ ಎಲ್ಲರೂ ಒಟ್ಟಿಗೆ ಕೂಗು ಹಾಕಿ ಹಾರಬೇಕು.

ಆ ವರ್ಷ ತುಂಗಿಯೂ ಸೀರೆ ಎತ್ತಿ ಕಟ್ಟಿದಳು.

"ಹಾಲೂಡುವ ಹೆಂಗಸು ಕೆಸರಿಗೆ ಇಳೀತಾಳೇನೇ?" ಅಂದಳಂತೆ ಚೌಡಜ್ಜಿ.

"ಮೀನು ತಿಂದರೆ ಹಾಲು ಇಳಿಯುತ್ತೆ ಅಂತ ದಿನಾ ಕೊರೆಯೋಳು ನೀನೇ ಅಲ್ವಾ ಅವ್ವಾ? ಕೂಸು ಎದ್ದರೆ ಬೆರಳು ಚೀಪಿಸು. ಒಂದು ಗಳಿಗೆ, ಬಂದೆ."

ಹದಿನೈದು ದಿನದ ಹಿಂದೆ ಹೊಳೆಯಾಚೆಯ ರಾಜ್ಯದವರು ಬಂದು ಗಡಿಯ ದನ ಹೊಡೆದುಕೊಂಡು ಹೋಗಿದ್ದರು. ಕೋಟೆಯಲ್ಲಿ ಎಲ್ಲರಿಗೂ ಅದೇ ಧ್ಯಾನ. ಬುರುಜಿನ ಕಾವಲುಗಾರ ಕೆಳಗೆ ನೋಡಿದ. ಏರಿಯ ಮೇಲೆ ಸಾಲು ಸಾಲು ಜನ. ಡೊಳ್ಳು. ಎದೆಗೆ ಹಿಡಿದ ದುಂಡನೆಯ ವಸ್ತು. ಅವನು ಬಯಲುಸೀಮೆಯಿಂದ ಹೊಸದಾಗಿ ಬಂದವನು, ಕೆರೆಬೇಟೆ ಕಂಡವನಲ್ಲ. ಓಡಿದ ದಳವಾಯಿ ಕೆಂಚವೀರನ ಹತ್ತಿರ. ದಳವಾಯಿ ಮೈಗೆ ಹರಳೆಣ್ಣೆ ಹಚ್ಚಿಸಿಕೊಂಡು ಕೂತಿದ್ದನಂತೆ.

"ಎಷ್ಟು ಜನ?"

"ಮುನ್ನೂರು, ಒಡೆಯಾ."

"ಕೈಯಲ್ಲೇನು?"

"ಗುರಾಣಿ ಇದ್ದ ಹಾಗಿದೆ."

"ಇದ್ದ ಹಾಗಿದೆಯೋ, ಇದೆಯೋ?"

"ಇದೆ."

"ಮತ್ತೆ ನನ್ನನ್ನೇನು ಕೇಳ್ತೀಯ? ಹೊಡೀರಿ."

ವೀಳ್ಯದ ಮಾತೇ ಬರಲಿಲ್ಲ. ಎಣ್ಣೆಗೈಯಲ್ಲಿ ಎಲೆ ಮುಟ್ಟುವುದು ಹೇಗೆ?

ಹತ್ತು ಸೇರು ಮೆಣಸು ಕೊಳ್ಳುವವನೂ ಎತ್ತಿನ ಬೆನ್ನಿನಿಂದ ಇಳಿದು, ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆ ಹಾಕಿ ನೋಡುತ್ತಾನೆ. ಹತ್ತು ಸೇರು ಮೆಣಸಿಗೆ ಇರುವ ಎಚ್ಚರ ಅಲ್ಲಿ ಮುನ್ನೂರು ತಲೆಗೆ ಇರಲಿಲ್ಲ.

ಡೊಳ್ಳು ಬಡಿಯಿತು. ಜನ ಕೂಗು ಹಾಕಿ ನೀರಿಗೆ ಹಾರಿದರು. ಬೆಟ್ಟದಿಂದ ಒಂದು ಗುಂಡು ಬಂತು. ಎರಡು ಗುಂಡು ಬಂತು. ಮೂರು ಗುಂಡು ಬಂತು.

ಚೌಡಜ್ಜಿ ಏರಿಯ ಆಚೆ ಹೊಂಗೆಮರದ ಬುಡದಲ್ಲಿ ಕೂಸಿಗೆ ಬೆರಳು ಚೀಪಿಸುತ್ತ ಕೂತಿದ್ದಳು. ಒಂದು ಗಳಿಗೆ ಆಯಿತು. ಎರಡು ಗಳಿಗೆ ಆಯಿತು. ತುಂಗಿ ಬರಲಿಲ್ಲ.

ಹತ್ತೊಂಬತ್ತು ಜನ ಹೋದರಂತೆ.

ಕೋಟೆಯ ಆಳುಗಳು ಕೆಳಗಿಳಿದು ಬಂದರು. ಬಂದವರಿಗೆ ಗೊತ್ತಾಗಲಿಲ್ಲವೇ ಅಂತ ಕೇಳುತ್ತೀರಿ. ಗೊತ್ತಾಯಿತು. ಆದರೆ ಮೇಲೆ ಹೋಗಿ ಹೇಳುವ ಬಾಯಿ ಯಾರಿಗಿತ್ತು? ಬಿದ್ದಿದ್ದ ಹತ್ತೊಂಬತ್ತು ಕೂಣಿಗಳನ್ನು ಗೋಣಿಯಲ್ಲಿ ಸುತ್ತಿ, ಹೊಲಿದು, ಅರಗಿನ ಮುದ್ರೆ ಒತ್ತಿ, 'ಶತ್ರುಗಳ ಗುರಾಣಿ ಹತ್ತೊಂಬತ್ತು' ಅಂತ ಅರಮನೆಯ ಆಯುಧಶಾಲೆಗೆ ಕಳಿಸಿದರು. ಅಲ್ಲಿ ಗಂಟು ಬಿಚ್ಚಿದವರಿಲ್ಲ. ಅರಸ ದಳವಾಯಿಗೆ ಚಿನ್ನದ ಕಡಗ ತೊಡಿಸಿದ. ಇಪ್ಪತ್ತನಾಲ್ಕು ಮಣೆಯವರು ಭಲೇ ಅಂದರು. ಹಕ್ಕಲಕೆರೆಯಲ್ಲಿ ಬಿದ್ದವರೆಲ್ಲ ಶತ್ರುಗಳು ಅಂತ ರಾಜ್ಯದ ತುಂಬ ಡಂಗುರ ಆಯಿತು.

ಈಗ ಆ ಸೀಮೆಯ ಇನ್ನೊಂದು ಪದ್ಧತಿ ಹೇಳಬೇಕು. ಮಗು ತಾನಾಗಿ ಕೂತ ದಿನ ಅಲ್ಲಿ ಹೆಸರಿಡುವುದು. ಮನೆಯಲ್ಲಿ ಕಡೆಗೆ ಸತ್ತವರ ಹೆಸರನ್ನೇ ಇಡಬೇಕು. ಇಡದಿದ್ದರೆ ಸತ್ತವರು ಒಳಗೆ ಬರಲಾರದೆ ಹೊಸ್ತಿಲಾಚೆ ನಿಂತೇ ಇರುತ್ತಾರೆ ಅಂತ ನಂಬಿಕೆ. ಆದರೆ ಅರಮನೆ ಶತ್ರು ಅಂತ ಸಾರಿದವರ ಹೆಸರನ್ನು ಮೂರು ತಲೆಮಾರು ಯಾರಿಗೂ ಇಡುವ ಹಾಗಿಲ್ಲ.

ತುಂಗಿಯ ಕೂಸು ಆರು ತಿಂಗಳಿಗೆ ಕೂತಿತು. ಚೌಡಜ್ಜಿ ಊರ ಗೌಡನನ್ನು ಕರೆದಳು. ಗೌಡ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು, ನೆಲ ನೋಡುತ್ತ ಹೇಳಿದನಂತೆ:

"ಬೇರೆ ಹೆಸರಿಡು ಅಜ್ಜೀ. ನಿನ್ನ ಅತ್ತೆಯ ಹೆಸರಿದೆ, ಅತ್ತೆಯ ಅತ್ತೆಯ ಹೆಸರಿದೆ."

"ಅವರೆಲ್ಲ ಒಳಗೆ ಬಂದು ಬೆಚ್ಚಗೆ ಕೂತಾಗಿದೆ ಗೌಡಾ. ಹೊರಗೆ ನಿಂತಿರೋಳು ನನ್ನ ಮಗಳು."

"ಡಂಗುರ ಆಗಿದೆಯಲ್ಲ, ಮಾರಾಯ್ತೀ. ನನ್ನ ಗೌಡಿಕೆ ಹೋಗುತ್ತೆ."

"ನೀನು ಅವತ್ತು ನನ್ನ ಮಗಳ ಪಕ್ಕದಲ್ಲೇ ಕೂಣಿ ಹಿಡಿದು ನಿಂತಿದ್ದೆ. ನೀನೂ ಶತ್ರುವಾ?"

ಗೌಡ ಎದ್ದು ಹೋದ. ಕೂಸು ಹೆಸರಿಲ್ಲದೆ ಉಳಿಯಿತು. ಊರವರು ಏ ಪಾಪಾ ಅಂದರು, ಏ ಇವಳೇ ಅಂದರು. ಚೌಡಜ್ಜಿ ರೊಟ್ಟಿ ಬುತ್ತಿ ಕಟ್ಟಿದಳು. ಕೂಸನ್ನು ಸೊಂಟಕ್ಕೆ ಕಟ್ಟಿದಳು. ಬೆಟ್ಟ ಹತ್ತಿದಳು.

ಕೋಟೆಯಲ್ಲಿ ತೋಪಿನವ ಓಬಯ್ಯ ತೋಪಿನ ಬಾಯಿ ಒರೆಸುತ್ತಿದ್ದ. ಕೂಸನ್ನು ಕಂಡು ನಕ್ಕ.

"ಎಷ್ಟು ಮುದ್ದಾಗಿದೆ! ಹೆಸರೇನಜ್ಜೀ?"

"ಅದನ್ನೇ ಕೇಳೋಕೆ ಬಂದೆ. ಹಕ್ಕಲಕೆರೆಗೆ ಗುಂಡು ಹಾರಿಸಿದವನು ಯಾರಪ್ಪಾ?"

ಓಬಯ್ಯನ ನಗು ಹೋಯಿತು. "ನಾನು ಬತ್ತಿ ಇಟ್ಟೆ, ಅಷ್ಟೆ. ಶತ್ರು ಅಂದವನು ಕಾವಲುಗಾರ."

ಕಾವಲುಗಾರನ ಹತ್ತಿರ ಹೋದಳು. ಅವನೂ ಕೂಸಿನ ಗಲ್ಲ ಹಿಡಿದ.

"ಹೆಸರೇನಜ್ಜೀ?"

"ಅದನ್ನೇ ಕೇಳೋಕೆ ಬಂದೆ. ಶತ್ರು ಅಂದವನು ನೀನೇನಪ್ಪಾ?"

"ನಾನು ಕಂಡದ್ದು ಹೇಳಿದೆ, ಅಷ್ಟೆ. ಹೊಡೀರಿ ಅಂದವರು ದಳವಾಯಿ."

ದಳವಾಯಿ ರಾಜಧಾನಿಗೆ ಹೋಗಿದ್ದ. ಮೂರು ದಿನದ ದಾರಿ. ಕೂಸು ಅತ್ತಾಗ ನಿಂತಳು, ಮಲಗಿದಾಗ ನಡೆದಳು. ದಾರಿಯಲ್ಲಿ ಹಸು ಕರು ಹಾಕಿದ ಮನೆ ಕಂಡಲ್ಲೆಲ್ಲ ಕೂಸಿಗೆ ಕುಡಿಸಲು ಒಂದು ಒಳಲೆ ಹಾಲು ಬೇಡಿದಳು. ಹಾಲು ಕೊಟ್ಟ ಹೆಂಗಸರೂ ಹೆಸರು ಕೇಳಿದರು. ಮೂರು ದಿನದ ದಾರಿ ಐದು ದಿನ ಆಯಿತಂತೆ.

ದಳವಾಯಿ ಕೈಯಲ್ಲಿ ಕಡಗ ತಿರುಗಿಸುತ್ತ ಹೇಳಿದ. "ಬಿಸಿಲ ಝಳ, ಕೆರೆಯ ಮೇಲೆ ಹಬೆ. ಯುದ್ಧ ಅಂದಮೇಲೆ ಹೀಗೆಲ್ಲ ಆಗುತ್ತೆ ತಾಯೀ. ನಾನು ಅರಸರ ಕೈ, ಅಷ್ಟೆ. ತಲೆ ಅವರದು."

ಅರಸನ ಹತ್ತಿರ ಹೋದಳು. ಅರಸ ಕೆಟ್ಟವನಲ್ಲ. ಅವನ ಮನೆಯಲ್ಲೂ ತೊಟ್ಟಿಲು ಇತ್ತು. ಅವನೂ ಹೆಸರು ಕೇಳಿದ, ಅವಳೂ ಅದೇ ಉತ್ತರ ಕೊಟ್ಟಳು.

"ನನಗೆ ದಳವಾಯಿ ಹೇಳಿದ, ನಾನು ನಂಬಿದೆ, ಅಷ್ಟೆ," ಅಂದ ಅರಸ. "ಡಂಗುರ ಹೊಡೆದದ್ದನ್ನು ತಿರುಗಿಸಿದರೆ ಹೊಳೆಯಾಚೆಯವರು ನಗುತ್ತಾರೆ, ಈಚೆಯ ಸೈನ್ಯ ಕುಗ್ಗುತ್ತೆ. ನಿನಗೆ ಎರಡು ಜೊತೆ ಎತ್ತು ಕೊಡಿಸುತ್ತೇನೆ. ಒಳ್ಳೇ ಎತ್ತು. ರಾಮ ಲಕ್ಷ್ಮಣ ಒಂದು ಜೊತೆ, ಕೆಂದ ಬಿಳಿಯ ಒಂದು ಜೊತೆ."

"ನಿಮ್ಮ ಎತ್ತಿಗೂ ಹೆಸರಿದೆ ಬುದ್ದೀ," ಅಂದಳಂತೆ ಚೌಡಜ್ಜಿ. "ಇವಳಿಗಿಲ್ಲ."

ಅರಸ ಎತ್ತಿನ ಮಾತು ಬಿಟ್ಟ. ಆದರೂ ಡಂಗುರ ತಿರುಗಿಸಲಿಲ್ಲ.

ಬತ್ತಿ ಇಟ್ಟವನು ಕಾವಲುಗಾರನನ್ನು ತೋರಿಸಿದ, ಕಾವಲುಗಾರ ದಳವಾಯಿಯನ್ನು ತೋರಿಸಿದ, ದಳವಾಯಿ ಅರಸನನ್ನು ತೋರಿಸಿದ, ಅರಸ ತಿರುಗಿ ದಳವಾಯಿಯನ್ನು ತೋರಿಸಿದ. ಗಾಣದೆತ್ತು ಸುತ್ತಿದ ಹಾಗಾಯಿತು.

ಅರಮನೆಯ ಹಿಂದೆ ಒಂದು ಛತ್ರ. ಮಣೆಸಭೆಯ ಹಿರಿಯರು ಇಳಿದುಕೊಳ್ಳುವುದು ಅಲ್ಲಿ. ಹಕ್ಕಲಕೆರೆ ಸೀಮೆಯ ಮಣೆ ಗುತ್ಯಪ್ಪ ಅನ್ನುವವನದು. ಮುದುಕ, ಒಂದು ಕಿವಿ ಮಂದ, ಮೂವತ್ತು ವರ್ಷದಿಂದ ಸಭೆಯಲ್ಲಿ ನಿದ್ದೆ ಮಾಡಿ ಹೆಸರು ಗಳಿಸಿದವನು. ಚೌಡಜ್ಜಿ ಹೋದಾಗ ಊಟ ಮುಗಿಸಿ ಎಲೆ ಅಡಿಕೆ ಕುಟ್ಟುತ್ತಿದ್ದ.

"ಗುತ್ಯಪ್ಪನೋರು ಅಂದ್ರೆ ನೀವೇನಾ?"

"ಹೌದು."

"ನಮ್ಮ ಸೀಮೆಯ ಮಣೆ ನಿಮ್ಮದೇನಾ?"

"ಹೌದು."

"ಹೌದು ಬಿಟ್ಟು ಬೇರೆ ಮಾತು ಬರುತ್ತಾ ನಿಮಗೆ?"

ಗುತ್ಯಪ್ಪ ಕುಟ್ಟುವುದು ನಿಲ್ಲಿಸಿದ. "ಅಲ್ಲಿ ಅದೊಂದೇ ಮಾತು ನಡೆಯೋದು ಕಣಮ್ಮಾ."

ಚೌಡಜ್ಜಿ ಎಲ್ಲ ಹೇಳಿದಳು. ಗುತ್ಯಪ್ಪ ಒಳ್ಳೆಯ ಕಿವಿ ಇತ್ತ ತಿರುಗಿಸಿ ಕೇಳಿದ. ಕೇಳಿ, ತಲೆ ಅಲ್ಲಾಡಿಸಿದ.

"ಕಟ್ಟಳೆ ಇದೆ, ಸುಳ್ಳಲ್ಲ. ಆದರೆ ನನ್ನ ಮಗ ಹೊಳೆಯಲ್ಲಿ ದೋಣಿ ಬಿಡ್ತಾನೆ. ಆ ದೋಣಿಯ ಹಕ್ಕು ಕೊಟ್ಟವರು ದಳವಾಯಿ. ನಾನು ಮಣೆ ಎತ್ತಿದ ದಿನವೇ ದೋಣಿ ಹೋಗುತ್ತೆ. ಏಳು ಹೊಟ್ಟೆ ತಾಯೀ."

"ನಮ್ಮೂರಲ್ಲಿ ಹತ್ತೊಂಬತ್ತು," ಅಂದಳು ಚೌಡಜ್ಜಿ. ಜಗಳ ಮಾಡಲಿಲ್ಲ. "ಸ್ವಲ್ಪ ಇವಳನ್ನು ಹಿಡ್ಕೊಳ್ಳಿ. ಬಾವಿ ಹತ್ರ ಹೋಗಿ ಮುಖ ತೊಳೆದು ಬರ್ತೀನಿ. ಐದು ದಿನ ಆಯ್ತು."

ಗುತ್ಯಪ್ಪ ಹಿಡಿದುಕೊಂಡ. ಕೂಸು ಅವನ ಮೀಸೆ ಹಿಡಿಯಿತು. ಬಿಡಿಸಿದ. ಇನ್ನೊಂದು ಕಡೆಯ ಮೀಸೆ ಹಿಡಿಯಿತು. ಆಮೇಲೆ ಅವನ ಎದೆಗೆ ಕೆನ್ನೆ ಒತ್ತಿ, ಜೊಲ್ಲು ಸುರಿಸುತ್ತ ಮಲಗಿಬಿಟ್ಟಿತು. ಆ ಹೊತ್ತಲ್ಲಿ ಗುತ್ಯಪ್ಪನಿಗೆ ಒಂದು ನೆನಪು ಬಂತಂತೆ. ದಳವಾಯಿಗೆ ಕಡಗ ತೊಡಿಸಿದ ದಿನ ಇಪ್ಪತ್ತನಾಲ್ಕು ಜನ ಭಲೇ ಅಂದರಲ್ಲ, ನಿದ್ದೆಯಿಂದ ಎದ್ದು ಎಲ್ಲರಿಗಿಂತ ಮೊದಲು ಅಂದವನು ತಾನು. ಏನು, ಎತ್ತ ಕೇಳಿರಲಿಲ್ಲ. ಊಟಕ್ಕೆ ಹೊತ್ತಾಗಿತ್ತು.

ಚೌಡಜ್ಜಿ ಮುಖ ಒರೆಸುತ್ತ ಬಂದಳು. "ತೊಂದರೆ ಕೊಟ್ಟಳಾ?"

"ಇಲ್ಲ," ಅಂದ ಗುತ್ಯಪ್ಪ. ಮೂವತ್ತು ವರ್ಷದಲ್ಲಿ ಅವನ ಬಾಯಲ್ಲಿ ಬಂದ ಮೊದಲ ಇಲ್ಲ ಅದೇ ಅಂತ ಉಪ್ಪಿನವರು ನಗುತ್ತಿದ್ದರು. "ಅಜ್ಜೀ, ನಿಮ್ಮೂರಿನ ಗುರಾಣಿ ಹತ್ತೊಂಬತ್ತು ಆಯುಧಶಾಲೆಯಲ್ಲಿದೆ, ಗೊತ್ತಾ?"

"ಗುರಾಣಿ?" ಚೌಡಜ್ಜಿ ಕಣ್ಣು ಕಿರಿದು ಮಾಡಿದಳು. "ನಮ್ಮೂರಲ್ಲಿ ಮಡಕೆಗೆ ಮುಚ್ಚೋಕೆ ಒಂದು ಒಳ್ಳೇ ತಟ್ಟೆ ಇಲ್ಲ. ಗುರಾಣಿ ಎಲ್ಲಿಂದ ಬಂತು?"

ಮರುದಿನ ಬೆಳಿಗ್ಗೆ ಸಭೆ ಸೇರಿತು. ಅರಸ ಬಂದು ಕೂತ. ಇಪ್ಪತ್ತಮೂರು ಜನ ಕೂತರು. ಗುತ್ಯಪ್ಪ ಕೂರಲಿಲ್ಲ. ಬಗ್ಗಿ ಮಣೆ ಎತ್ತಿದ. ಸೊಂಟ ಹಿಡಿಯಿತು, ಅಬ್ಬಾ ಅಂದ. ಮಣೆಯನ್ನು ಗೋಡೆಗೆ ಒರಗಿಸದೆ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದ.

ಚಾವಡಿಯಲ್ಲಿ ಗುಸುಗುಸು ಎದ್ದಿತು. ಪಕ್ಕದ ಮಣೆಯವನು ಪಂಚೆ ಎಳೆದ. "ಏಯ್ ಗುತ್ಯಪ್ಪಾ, ನಿದ್ದೆಗಣ್ಣಾ? ಮಣೆ ಕೆಳಗೆ ಚೇಳು ಬಂತಾ?"

"ಬಂದು ಬಹಳ ವರ್ಷ ಆಯ್ತು. ನಾವು ಅದರ ಮೇಲೇ ಕೂತಿದ್ವಿ," ಅಂದ ಗುತ್ಯಪ್ಪ. ಅರಸನ ಕಡೆ ತಿರುಗಿದ. "ಬುದ್ದೀ, ಹಕ್ಕಲಕೆರೆಯ ಮೇಲೆ ತೋಪು ಹಾರಿದ್ದರ ಬಗ್ಗೆ ಮೂರು ಮಾತು. ವೀಳ್ಯ ಎತ್ತಿದವರು ಯಾರು? ಹೊಡೆದದ್ದು ಯಾರಿಗೆ? ಬಿದ್ದವರು ಯಾರು?"

ಅರಸ ಏಳಬೇಕಾಯಿತು. ಕಟ್ಟಳೆ ಅವನ ಮುತ್ತಾತನ ಮುತ್ತಾತನದು. ಅದನ್ನು ಮುರಿದರೆ ಕೂತ ಗದ್ದಿಗೆಯೂ ಅದೇ ಮುತ್ತಾತನದಲ್ಲವೇ? ಎದ್ದು ನಿಂತ. ಅರಸ ನಿಂತ ಮೇಲೆ ಇನ್ನೂ ಐದು ಜನ ತಮ್ಮ ಮಣೆ ಎತ್ತಿ ನಿಲ್ಲಿಸಿದರು. ಉಳಿದ ಹದಿನೆಂಟು ಜನ ಕೂತೇ ಇದ್ದರು. ಕಥೆ ಅಂತ ಎಲ್ಲರನ್ನೂ ಏಳಿಸಿಬಿಡಲು ಬರುವುದಿಲ್ಲ.

ದಳವಾಯಿ ಮುಂದೆ ಬಂದ. "ಎರಡನೇ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಹೊಡೆದದ್ದು ಶತ್ರುವಿಗೆ. ಸಾಕ್ಷಿ ನಿಮ್ಮ ಆಯುಧಶಾಲೆಯಲ್ಲೇ ಇದೆ. ಹತ್ತೊಂಬತ್ತು ಗುರಾಣಿ."

"ತರಿಸಿ. ನಾನು ಗುರಾಣಿ ನೋಡಿ ಬಹಳ ದಿನ ಆಯ್ತು," ಅಂದ ಗುತ್ಯಪ್ಪ.

ಗಂಟು ಬಂತು. ಅರಗಿನ ಮುದ್ರೆ ಒಡೆದರು. ಹೊಲಿಗೆ ಬಿಚ್ಚಿದರು. ಮೊದಲು ಬಂದದ್ದು ವಾಸನೆ. ಕೂತಿದ್ದ ಹದಿನೆಂಟು ಜನರೂ ಮೂಗು ಮುಚ್ಚಿಕೊಂಡರು. ಆಮೇಲೆ ಹತ್ತೊಂಬತ್ತು ಬಿದಿರು ಬುಟ್ಟಿ ಉರುಳಿದವು. ಒಂದರ ಕಡ್ಡಿಯ ಸಂದಿನಲ್ಲಿ ಸಣ್ಣದೊಂದು ಮೀನು ಒಣಗಿ ಅಂಟಿಕೊಂಡಿತ್ತಂತೆ.

ಅರಸ ಒಂದನ್ನು ಎತ್ತಿ ಮುಖದ ಮುಂದೆ ಹಿಡಿದ. ಈ ಬಾಯಿಂದ ನೋಡಿದರೆ ಆ ಬಾಯಲ್ಲಿ ದಳವಾಯಿಯ ಮುಖ ಕಂಡಿತು.

"ಕೆಂಚವೀರಾ, ಎರಡೂ ಕಡೆ ತೂತು ಇರೋ ಗುರಾಣಿ ಯಾವ ದೇಶದ್ದು?"

ದಳವಾಯಿ ಇನ್ನೊಂದು ಬುಟ್ಟಿ ಎತ್ತಿ ತಿರುಗಿಸಿದ. "ಇದು... ಹೊಸ ಬಗೆ, ಒಡೆಯಾ. ಬಾಣ ಒಳಗೆ ಹೋಗಿ... ಸಿಕ್ಕಿಹಾಕಿಕೊಳ್ಳಲಿ ಅಂತ..."

ಒಬ್ಬ ಕಿಸಕ್ಕನೆ ನಕ್ಕ. ಆದರೆ ನಗು ಮುಂದೆ ಹೋಗಲಿಲ್ಲ. ಕೂಸಿನ ಜೊತೆ ಬಾಗಿಲಲ್ಲಿ ಕೂತಿದ್ದ ಚೌಡಜ್ಜಿ ಚಾವಡಿಯ ನಡುವೆ ಬಂದು ನಿಂತಿದ್ದಳು. ಬುಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಏಳನೆಯದನ್ನು ಬಿಡಲಿಲ್ಲ. ಅದರ ಮೇಲಿನ ಬಾಯಿಗೆ ಹಳೆಯ ಸೀರೆಯ ಅಂಚು ಸುತ್ತಿತ್ತು. ಕೈ ತರಚದಿರಲಿ ಅಂತ ತಾನೇ ಸುತ್ತಿಕೊಟ್ಟದ್ದು. ಕೂಸನ್ನು ನೆಲದ ಮೇಲೆ ಕೂರಿಸಿದಳು, ಕೂಣಿಯನ್ನು ಕವುಚಿ ಹಾಕಿದಳು, ತೋಳು ಒಳಗೆ ಬಿಟ್ಟಳು.

"ಹೀಗೆ ಬುದ್ದೀ. ಮೀನು ಹೀಗೆ ಹಿಡಿಯೋದು," ಅಂದಳು.

ತೋಳನ್ನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲವಂತೆ.

ಗುತ್ಯಪ್ಪ ಮಣೆ ಬಿಟ್ಟಿರಲಿಲ್ಲ. "ಒಂದನೇ ಮಾತು ಉಳಿಯಿತು. ವೀಳ್ಯ ಎತ್ತಿದವರು ಯಾರು?"

"ವೀಳ್ಯಕ್ಕೆ ಹೊತ್ತಿರಲಿಲ್ಲ," ಅಂದ ದಳವಾಯಿ.

"ಕುದುರೆಯವನೊಬ್ಬ ಬೆಟ್ಟದಿಂದ ಕೆರೆಗೆ ಇಳಿಯಲು ಎಷ್ಟು ಹೊತ್ತು ಬೇಕು?"

ದಳವಾಯಿ ಕಡಗ ತಿರುಗಿಸಿದ.

"ಒಂದು ಎಲೆ ಅಡಿಕೆ ಹಾಕಿ ಉಗುಳುವಷ್ಟು ಹೊತ್ತು, ಅಲ್ವೇ? ನಾನು ಆ ಸೀಮೆಯವನೇ, ದಳವಾಯಿಗಳೇ."

ಬಾಗಿಲ ಹತ್ತಿರ ಗದ್ದಲ ಆಯಿತು. ಅಜ್ಜಿಯ ಹಿಂದೆಯೇ ಕೋಟೆಯಿಂದ ಹೊರಟು ಬಂದಿದ್ದ ತೋಪಿನವ ಓಬಯ್ಯ ದಳವಾಯಿಯ ಆಳುಗಳ ನಡುವೆ ಇದ್ದ. ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು ಅಡ್ಡಬಿದ್ದ.

"ಬುದ್ದೀ, ಎರಡು ಗುಂಡು ಹಾರಿಸೋ ತನಕ ನಾನೂ ಶತ್ರು ಅಂತಲೇ ನಂಬಿದ್ದೆ. ಆಮೇಲೆ ಜನ ಓಡಿದರು. ಒಬ್ಬಳು ಬುಟ್ಟಿ ಬಿಟ್ಟು, ಎರಡೂ ಕೈಯಲ್ಲಿ ಮೀನು ತಬ್ಬಿಕೊಂಡು ಓಡಿದಳು. ಶತ್ರು ಮೀನು ತಬ್ಬಿಕೊಂಡು ಓಡ್ತಾನಾ? ಕಣ್ಣಾರೆ ಕಂಡೆ. ಮೂರನೇ ಗುಂಡು ಆಮೇಲೆ ಹಾರಿಸಿದ್ದು."

"ಯಾಕೆ?" ಅರಸನ ದನಿ ಇಳಿದಿತ್ತು.

"ನಿಲ್ಲಿಸಿದರೆ ಮೊದಲಿನ ಎರಡು ತಪ್ಪು ಅಂತ ಒಪ್ಪಿದ ಹಾಗಾಗುತ್ತಿತ್ತು ಬುದ್ದೀ."

ಕೂಸು ನೆಲದ ಮೇಲೆ ಅಂಗೈ ಬಡಿದು ಆಡುತ್ತಿತ್ತು.

ಆಗ ಗುತ್ಯಪ್ಪ ಕಟ್ಟಳೆಯ ಕೊನೆಯ ಮಾತು ನೆನಪಿಸಿದ. ಯಾರೂ ಎತ್ತದ ವೀಳ್ಯ ಗದ್ದಿಗೆಯ ಪಾಲು. ವೀಳ್ಯದ ತಟ್ಟೆ ಬಂತು. ಅರಸ ನೋಡುತ್ತ ನಿಂತ. ತಾನು ಹೊಡಿ ಅಂದವನಲ್ಲ. ತಾನು ಕಂಡವನೂ ಅಲ್ಲ. ಆದರೆ ತೋಪು ತನ್ನದು, ಕಡಗ ತೊಡಿಸಿದ ಕೈ ತನ್ನದು, ಡಂಗುರ ಸಾರಿದ ಮಾತು ತನ್ನದು. ಕೈ ಚಾಚಿ ವೀಳ್ಯ ಎತ್ತಿದ.

"ಹೊಡೆದದ್ದು ನಾವು," ಅಂದ. "ಹೊಡೆದದ್ದು ನಮ್ಮ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ನಮ್ಮ ಜನಕ್ಕೆ. ಬಿದ್ದವರು..."

ಅಲ್ಲಿಗೆ ನಿಂತ. ಬಿದ್ದವರು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಗುರಾಣಿಯ ಲೆಕ್ಕ ಅರಮನೆಗೆ ಬಂದಿತ್ತು, ಹೆಸರು ಬಂದಿರಲಿಲ್ಲ. ತಿರುಗಿ ಚೌಡಜ್ಜಿಯನ್ನು ನೋಡಿದ. ಚೌಡಜ್ಜಿ ಒಂದು ಹೆಸರು ಹೇಳಿದಳು. ಅರಸ ಅದನ್ನು ಹೇಳಿದ. ಇನ್ನೊಂದು ಹೇಳಿದಳು, ಇನ್ನೊಂದು ಹೇಳಿದ. ಡೊಳ್ಳಿನ ಹಾಲಪ್ಪ. ಅವನ ತಮ್ಮ. ಕುಂಬಾರರ ಬೂದ್ಯಮ್ಮ. ಮದುವೆ ಗೊತ್ತಾಗಿದ್ದ ಲಿಂಗ. ಹತ್ತೊಂಬತ್ತನೆಯದಕ್ಕೆ ಬಂದಾಗ ಚೌಡಜ್ಜಿ ಬಗ್ಗಿ ಕೂಸನ್ನು ಎತ್ತಿಕೊಂಡಳು. ಅರಸ ಕಾದ. ಕಾಲು ನೋಯುತ್ತಿತ್ತು, ಆದರೂ ಕಾದ.

"ತುಂಗಿ," ಅಂದಳು.

"ತುಂಗಿ," ಅಂದ ಅರಸ.

ಆಗ ಗುತ್ಯಪ್ಪ ಮಣೆ ಕೆಳಗಿಟ್ಟ. ಆಗ ಅರಸ ಕೂತ.

ದಳವಾಯಿಯ ಕಡಗ ಕಳಚಿತು, ಪದವಿ ಕಳಚಿತು. ಕಾವಲುಗಾರನನ್ನು ಬುರುಜಿನಿಂದ ಇಳಿಸಿದರು. ಓಬಯ್ಯ ತಾನಾಗಿ ತೋಪು ಬಿಟ್ಟು ಹಕ್ಕಲಕೆರೆಗೆ ಹೋದ. ಗಂಡಸರು ಹೋಗಿದ್ದ ನಾಲ್ಕು ಮನೆಗಳ ಉಳುಮೆ ವರ್ಷಾ ವರ್ಷಾ ಅವನೇ ಮಾಡಿದನಂತೆ. ಕೆಲವರು ಅವನಿಗೆ ನೀರು ಕೊಟ್ಟರು, ಕೆಲವರು ಕಡೆಗೂ ಕೊಡಲಿಲ್ಲ. ಕಟ್ಟಳೆಗೆ ಒಂದು ಸಾಲು ಸೇರಿತು: ಒಬ್ಬ ಇಳಿದು ಹೋಗಿ ನೋಡಿ ಬರುವ ತನಕ ಬತ್ತಿಗೆ ಬೆಂಕಿ ಇಲ್ಲ. ಇನ್ನು ಗುತ್ಯಪ್ಪನ ಮಗನ ದೋಣಿ. ದಳವಾಯಿಯ ನೆಂಟರು ಇರಲಿಲ್ಲವೇ? ಹೋಯಿತು. ಮಗ ಎರಡು ವರ್ಷ ಅಪ್ಪನ ಹತ್ತಿರ ಮಾತಾಡಲಿಲ್ಲ. ಸತ್ತವರು ಬರಲಿಲ್ಲ. ಕಥೆಯೇ ಆದರೂ ಅಷ್ಟು ದೊಡ್ಡ ಸುಳ್ಳು ಹೇಳಬಾರದು.

ಎಲ್ಲಿ ಡಂಗುರ ಹೊಡೆಸಿದ್ದನೋ ಅಲ್ಲೆಲ್ಲ ಅರಸ ಮತ್ತೆ ಡಂಗುರ ಹೊಡೆಸಿದ. ಹಕ್ಕಲಕೆರೆಗೆ ತಾನೇ ಬಂದ. ಏರಿಯ ಮೇಲೆ ಬರಿಗಾಲಲ್ಲಿ ನಿಂತು ಹತ್ತೊಂಬತ್ತು ಹೆಸರನ್ನೂ ತಾನೇ ಹೇಳಿದ. ಹೊಳೆಯಾಚೆಯವರು ನಕ್ಕರೋ ಇಲ್ಲವೋ, ಆ ಸುದ್ದಿ ಯಾರೂ ತರ‍ಲಿಲ್ಲ.

ಅದೇ ದಿನ ಚೌಡಜ್ಜಿಯ ಜಗಲಿಯಲ್ಲಿ ನಾಮಕರಣ. ಕೂಸು ಅಷ್ಟು ಹೊತ್ತಿಗೆ ಕೂರುವುದು ಬಿಟ್ಟು ಗೋಡೆ ಹಿಡಿದು ನಿಲ್ಲುತ್ತಿತ್ತು. ಗೌಡ ತಾನಾಗಿ ಬಂದು, ಯಾರ ಮುಖವನ್ನೂ ನೋಡದೆ, ಹೊಸ್ತಿಲಿಗೆ ನೀರು ಹಾಕಿದ. ಚೌಡಜ್ಜಿ ಕೂಸನ್ನು ಮಡಿಲಿಗೆ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು. ತುಂಗೀ. ತುಂಗೀ. ತುಂಗೀ. ಆಮೇಲೆ ಪದ್ಧತಿಯ ಪ್ರಕಾರ ಬಂದವರೆಲ್ಲ ಸಾಲಾಗಿ ಬಂದು ಒಂದೊಂದು ಸಲ ಕರೆದರು. ಏಳು ಹಳ್ಳಿಯವರು ಕರೆದರು. ಸೊಂಟ ಹಿಡಿದುಕೊಂಡು ಗುತ್ಯಪ್ಪ ಕರೆದ.

ಸಾಲಿನ ಕೊನೆಯಲ್ಲಿ ಅರಸ ನಿಂತಿದ್ದ. ಮುಂದೆ ಬರಲೋ ಬೇಡವೋ ಅಂತ ಚೌಡಜ್ಜಿಯ ಮುಖ ನೋಡಿದ. ಚೌಡಜ್ಜಿ ಕೂಸನ್ನು ಮಡಿಲಿಂದ ಇಳಿಸಿ ಗೋಡೆಗೆ ಹಿಡಿಸಿ ನಿಲ್ಲಿಸಿದಳು. ಆಮೇಲೆ, "ಕರೀರಿ ಬುದ್ದೀ," ಅಂದಳು.

"ತುಂಗೀ," ಅಂದ ಅರಸ.

ಕೂಸು ತಿರುಗಲಿಲ್ಲ. ಗೋಡೆಯ ಮೇಲಿನ ಇರುವೆ ನೋಡುತ್ತಿತ್ತು.

"ತುಂಗೀ," ಅಂದ ಇನ್ನೊಮ್ಮೆ.

ಆಗಲೂ ತಿರುಗಲಿಲ್ಲ. ಅರಸ ಅಪರಾಧಿಯ ಹಾಗೆ ನಿಂತ.

"ಹೆಸರು ಇನ್ನೂ ಹೊಸದು ಬುದ್ದೀ. ಅವಳಿಗೆ ರೂಢಿಯಾಗಬೇಕು," ಅಂದಳಂತೆ ಚೌಡಜ್ಜಿ. "ಕರೀತಾ ಇರಿ."

ಅವರ ಕೆರೆ ಅವರಿಗೆ ತುಂಬಿತು, ನಮ್ಮ ದಾರಿ ನಮಗೆ ಸಾಗಿತು. ಕಥೆ ಆ ಊರಿನದು, ಕೇಳಿದ ಪುಣ್ಯ ನಿಮ್ಮದು. ಹೇಳಿದ್ದರಲ್ಲಿ ತಪ್ಪಿದ್ದರೆ ಅದು ನನ್ನದು.